ಒಡಲು

ಈ ತಿಂಗಳು ನಾವು ವಿಚಾರಕ್ಕೆ ತೆಗೆದುಕೊಂಡಿರುವ ಶಬ್ದ ‘ಒಡಲು’. ಇದರ ಮೊದಲ ಅರ್ಥ ಶರೀರ. ತಮಿಳಿನ ‘ಉಡಲ್’ ಇದರ ಜ್ಞಾತಿ. ಕನ್ನಡದಲ್ಲಿ ಹೊಟ್ಟೆ, ಗರ್ಭ ಎಂಬ ಅರ್ಥಗಳೂ ಸೇರಿದವು. ಸಂಸ್ಕೃತದ ‘ಉದರ’ವೇ ಒಡಲಾಯಿತೆಂದು ಭಾವಿಸುವವರುಂಟು. ಅದು ಸರಿಯಲ್ಲ, ಒಡಲು ಅಚ್ಚಗನ್ನಡದ ಮಾತು. ‘ಸಹೋದರ’ನಲ್ಲಿ ಉದರವಿದೆ, ‘ಒಡಹುಟ್ಟಿದವ’ನಲ್ಲಿ ಒಡಲಿಲ್ಲ. ಅಲ್ಲಿಯ ‘ಒಡ’ ಎಂಬುದಕ್ಕೆ ‘ಜೊತೆ’ಯೆಂದರ್ಥ.

ವಾಚ್ಯಾರ್ಥವಿಷ್ಟು. ಲಕ್ಷ್ಯಾರ್ಥದ ಹರವು ಇದಕ್ಕಿಂತ ದೊಡ್ಡದು. ತಾಳಲಾರದ ಸಂಕಟವು ಒಡಲುರಿ. ಚಳ್ಳಕೆರೆಯ ಸೀಮೆಯಲ್ಲಿ ಬೆಳೆಯುವ ಶೇಂಗಾ ಗಿಡವು ಹೂ ಬಿಡುವುದು ನೆಲದ ಮೇಲೆ, ಕಾಯಿ ಕಟ್ಟುವುದು ಭೂಮಿಯ ಒಡಲಿನಲ್ಲಿ. ಮಳೆ ಹೋದ ವರುಷ ಆ ಒಡಲೂ ಬರಿದು, ಒಕ್ಕಲಿನವನ ಒಡಲೂ ಬರಿದು.

ನೆರೆಯ ಮೊಳಕಾಲ್ಮುರು ರೇಷ್ಮೆ ಸೀರೆಗೆ ಹೆಸರಾದುದು. ಆ ಸೀರೆಗಳಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ಸೀರೆಗೂ ಅಂಚು, ಸೆರಗುಗಳೊಡನೆ ಒಡಲೊಂದುಂಟು. ಕೊಳ್ಳುವವರ ಕಣ್ಣು ಅಂಚಿನ ಜರಿಯ ಮೇಲೆ, ಸೆರಗಿನ ಚಿತ್ತಾರದ ಮೇಲೆ. ಆದರೆ ಅಳತೆಯಲ್ಲಿ ಹೆಚ್ಚು ಪಾಲು ಒಡಲೇ. ಎಳೆಯ ಮೇಲೆ ಎಳೆಯಿಟ್ಟು ನೇಕಾರನು ಅದನ್ನು ತುಂಬಬೇಕು.

‘ಒಡಲು ಹೊರೆಯುವುದು’ ಎಂದರೆ ಜೀವನ ಸಾಗಿಸುವುದು. ಮಗ್ಗದ ಮುಂದೆ ಕುಳಿತವನು ಸೀರೆಯ ಒಡಲನ್ನು ನೇಯುವುದು ಮನೆಯವರ ಒಡಲನ್ನು ಹೊರೆಯುವುದಕ್ಕಾಗಿಯೇ. ಹಬ್ಬಕ್ಕೋ ಮದುವೆಗೋ ಕೈಮಗ್ಗದ ಸೀರೆಯನ್ನು ಕೊಳ್ಳಹೋದಾಗ ಬೆಲೆಯನ್ನು ಜಗ್ಗುವ ಮುನ್ನ ನಮ್ಮ ವಾಚಕರು ಈ ಎರಡನೆಯ ಅರ್ಥವನ್ನೂ ಒಮ್ಮೆ ನೆನೆದುಕೊಳ್ಳಲಿ.