‘ಒಳ್ಳೆಯ ವರ್ಷ’ ಯಾರಿಗೆ?

ವೈನ್ ಬಾಟಲಿಯ ಮೇಲೆ ಮುದ್ರಿತವಾಗಿರುವ ಇಸವಿ ಅದನ್ನು ಬಾಟಲಿಗೆ ತುಂಬಿದ ವರ್ಷವಲ್ಲ, ಮಾರುಕಟ್ಟೆಗೆ ಬಂದ ವರ್ಷವೂ ಅಲ್ಲ. ಅದು ದ್ರಾಕ್ಷಿಯನ್ನು ಬಳ್ಳಿಯಿಂದ ಕೊಯ್ದ ವರ್ಷ. ನಾವು ದಿನವೂ ಉಣ್ಣುವ ಅಕ್ಕಿ, ಬೇಳೆಗಳ ಚೀಲದ ಮೇಲಾಗಲಿ, ಕುಡಿಯುವ ಕಾಫಿ, ಚಹಾ ಪೊಟ್ಟಣದ ಮೇಲಾಗಲಿ ಅವು ಯಾವ ಮಳೆಗಾಲದ ಬೆಳೆ ಎಂಬುದನ್ನು ಓದಿ ಬೆಲೆ ಕಟ್ಟುವವರು ಬಹಳ ಕಡಿಮೆ. ಒಂದು ಋತುವಿನ ಬಿಸಿಲು, ಮಳೆ, ಚಳಿಗಳ ಬಗ್ಗೆ ಕೊಳ್ಳುವವನು ಇಷ್ಟೊಂದು ತಲೆಕೆಡಿಸಿಕೊಳ್ಳುವ ಕೃಷಿ ಉತ್ಪನ್ನ ವೈನ್‌ನಂತೆ ಬೇರೊಂದಿಲ್ಲ. ಉಳ್ಳವರ ಮೇಜಿನ ಈ ಪಾನೀಯದ ಬಗ್ಗೆ ನಮ್ಮಂಥವರು ಯಾಕೆ ಬರೆಯಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ಇದೇ. ಹವಾಮಾನವನ್ನು ಇಷ್ಟು ಗಂಭೀರವಾಗಿ ಓದುವ ಒಂದು ಸಂಸ್ಕೃತಿ ಆ ಓದಿನಲ್ಲಿ ಯಾರನ್ನು ಕಾಣುತ್ತದೆ, ಯಾರನ್ನು ಕಾಣುವುದಿಲ್ಲ ಎಂಬುದು ರಾಜಕೀಯ ಪ್ರಶ್ನೆ.

ಮೊದಲಿಗೆ ಋತು ತನ್ನ ಕೆಲಸವನ್ನು ಹೇಗೆ ಮಾಡುತ್ತದೆ ಎಂಬುದನ್ನು ನೋಡೋಣ. ಫ್ರಾನ್ಸಿನ ಬೋರ್ಡೊ, ಬರ್ಗಂಡಿ ಮತ್ತು ಶಾಂಪೇನ್ ಪ್ರಾಂತ್ಯಗಳಲ್ಲಿ ಚಳಿಗಾಲವಿಡೀ ಬರಲಾಗಿ ನಿಂತ ಬಳ್ಳಿ ಮಾರ್ಚ್ ಕೊನೆಯಲ್ಲಿ ಅಥವಾ ಏಪ್ರಿಲ್‌ನಲ್ಲಿ ಚಿಗುರುತ್ತದೆ. ಆ ಹೊತ್ತಿಗೆ ಒಂದು ರಾತ್ರಿಯ ಉಷ್ಣಾಂಶ ಸೊನ್ನೆಗಿಂತ ಕೆಲವೇ ಡಿಗ್ರಿ ಕೆಳಗಿಳಿದರೂ ಎಳೆಚಿಗುರು ಸುಟ್ಟಂತೆ ಕಪ್ಪಾಗುತ್ತದೆ. ಜೂನ್‌ನಲ್ಲಿ ಹೂ ಬಿಡುವಾಗ ಮಳೆ, ಚಳಿ ಹಿಡಿದರೆ ಹೂವು ಉದುರಿ ಕಾಯಿ ಕಚ್ಚುವುದಿಲ್ಲ. ಹೂವಿನಿಂದ ಕೊಯ್ಲಿಗೆ ಸುಮಾರು ನೂರು ದಿನಗಳೆಂಬುದು ಅಲ್ಲಿನವರ ಹಳೆಯ ಲೆಕ್ಕ. ನಡುಬೇಸಿಗೆಯಲ್ಲಿ ನೀರಿನ ತುಸು ಕೊರತೆ ಒಳ್ಳೆಯದೇ: ಹಣ್ಣು ಸಣ್ಣದಾಗಿ, ರಸಕ್ಕೆ ಹೋಲಿಸಿದರೆ ಸಿಪ್ಪೆಯ ಪಾಲು ಹೆಚ್ಚುತ್ತದೆ, ಕೆಂಪು ವೈನ್‌ನ ಬಣ್ಣ, ಒಗರು, ಪರಿಮಳಗಳ ಬಹುಪಾಲು ಇರುವುದು ಸಿಪ್ಪೆಯಲ್ಲಿ. ಕಾಯಿ ಬಣ್ಣ ತಿರುಗಿದ ಮೇಲೆ ಹಗಲ ಬಿಸಿಲು ಸಕ್ಕರೆಯನ್ನು ಹೆಚ್ಚಿಸುತ್ತದೆ, ಇರುಳಿನ ತಂಪು ಹುಳಿಯನ್ನು ಉಳಿಸುತ್ತದೆ. ಬಿಸಿಲು ಅತಿಯಾದರೆ ಒಗರು ಹದಕ್ಕೆ ಬರುವ ಮೊದಲೇ ಸಕ್ಕರೆ ಏರಿ ಹುಳಿ ಇಳಿದುಬಿಡುತ್ತದೆ. ಕೊಯ್ಲಿನ ಹೊಸ್ತಿಲಲ್ಲಿ ಮಳೆ ಸುರಿದರೆ ಹಣ್ಣು ಉಬ್ಬಿ ರಸ ತೆಳುವಾಗುತ್ತದೆ, ಗೊಂಚಲಿಗೆ ಬೂಷ್ಟು ಹಿಡಿಯುತ್ತದೆ.

ಈ ಲೆಕ್ಕದಲ್ಲಿ ನಷ್ಟವೂ ಕೆಲವೊಮ್ಮೆ ಕೀರ್ತಿಯಾಗುತ್ತದೆ. 1961ರಲ್ಲಿ ಬೋರ್ಡೊದಲ್ಲಿ ವಸಂತದ ಚಳಿ ಮತ್ತು ಉದುರಿದ ಹೂಗಳಿಂದಾಗಿ ಬೆಳೆ ತೀರಾ ಕಡಿಮೆಯಾಯಿತು. ಉಳಿದ ಹಣ್ಣಿಗೆ ಒಣ ಬೇಸಿಗೆಯ ಬಿಸಿಲು ಪೂರ್ತಿಯಾಗಿ ದಕ್ಕಿತು. ಇಂದಿಗೂ ಅದು ಇಪ್ಪತ್ತನೆಯ ಶತಮಾನದ ಮಹಾ ವರ್ಷಗಳಲ್ಲಿ ಒಂದೆಂದು ಹೆಸರಾಗಿದೆ.

ಹೀಗಾಗಿ ವಿಂಟೇಜ್ ಎಂಬುದು ಹವಾಮಾನದ ಒಂದು ದಾಖಲೆ. ಫ್ರೆಂಚ್ ಇತಿಹಾಸಕಾರ ಎಮ್ಯಾನುಯೆಲ್ ಲ ರುವಾ ಲಾದ್ಯೂರಿ 1967ರಲ್ಲಿಯೇ ಕೊಯ್ಲಿನ ದಿನಾಂಕಗಳನ್ನು ಆಧರಿಸಿ ಹವಾಮಾನದ ಚರಿತ್ರೆಯನ್ನು ಬರೆದಿದ್ದರು. ಕೊಯ್ಲು ಯಾವ ದಿನ ಆರಂಭವಾಗಬೇಕೆಂದು ಊರಿನ ಆಡಳಿತ ಸಾರುತ್ತಿದ್ದುದರಿಂದ ಆ ದಿನಾಂಕಗಳು ಕಡತಗಳಲ್ಲಿ ಉಳಿದುಕೊಂಡಿವೆ. ಬರ್ಗಂಡಿಯ ಬೋನ್ ಪಟ್ಟಣದ ಕಡತಗಳಿಂದ ಥೋಮಾ ಲಾಬೆ ಮತ್ತು ಸಂಗಡಿಗರು 1354ರಿಂದ 2018ರವರೆಗಿನ ಸಾಲನ್ನು ಕಟ್ಟಿ 2019ರಲ್ಲಿ ಪ್ರಕಟಿಸಿದರು. ಅದು ಹೇಳುವ ಮಾತು ಸರಳವಾಗಿದೆ: 1988ರಿಂದೀಚೆಗೆ ಅಲ್ಲಿನ ಕೊಯ್ಲು ಹಿಂದಿನ ಆರು ಶತಮಾನಗಳಿಗಿಂತ ಸರಾಸರಿ 13 ದಿನ ಮುಂಚಿತವಾಗಿ ನಡೆಯುತ್ತಿದೆ. 2016ರಲ್ಲಿ ಬೆಂಜಮಿನ್ ಕುಕ್ ಮತ್ತು ಎಲಿಜಬೆತ್ ವೋಲ್ಕೊವಿಚ್ ಪ್ರಕಟಿಸಿದ ಅಧ್ಯಯನ ಇನ್ನೊಂದು ಮುಖ್ಯ ಸಂಗತಿಯನ್ನು ತೋರಿಸಿತು. ಹಿಂದೆ ಫ್ರಾನ್ಸಿನಲ್ಲಿ ಕೊಯ್ಲು ಬೇಗ ಬರಬೇಕಾದರೆ ಬರಗಾಲದ ಬಿಸಿ ಬೇಕಾಗುತ್ತಿತ್ತು. 1981ರ ನಂತರ ಆ ನಂಟು ಸಡಿಲಗೊಂಡಿದೆ. ಬರವಿಲ್ಲದೆಯೂ ಕೊಯ್ಲು ಬೇಗ ಬರುವಷ್ಟು ವಾತಾವರಣವೇ ಕಾದಿದೆ.

ಭೂಮಿ ಬಿಸಿಯಾಗುತ್ತಿರುವುದರ ಮೊದಲ ಫಲ ಈ ಪ್ರಾಂತ್ಯಗಳಿಗೆ ವರದಾನವಾಗಿ ಬಂದಿತ್ತು ಎಂಬುದನ್ನು ನಾವು ಮರೆಯಬಾರದು. ದ್ರಾಕ್ಷಿ ಸರಿಯಾಗಿ ಮಾಗದೆ ರಸಕ್ಕೆ ಸಕ್ಕರೆ ಬೆರೆಸಬೇಕಾಗುತ್ತಿದ್ದ ಕೆಟ್ಟ ವರ್ಷಗಳು ಕಳೆದ ನಾಲ್ಕು ದಶಕಗಳಲ್ಲಿ ವಿರಳವಾದವು, ‘ಶತಮಾನದ ವಿಂಟೇಜ್’ ಎಂಬ ಹೊಗಳಿಕೆ ಕೆಲವೇ ವರ್ಷಗಳಿಗೊಮ್ಮೆ ಕೇಳಿಬರತೊಡಗಿತು. ಬೇರೆಡೆಯ ಬಡ ರೈತನಿಗೆ ಮುಂಗಾರಿನ ಅನಿಶ್ಚಿತತೆಯಾಗಿ ಬಂದುದೇ ಉಳ್ಳವರ ನಾಲಗೆಗೆ ಇನ್ನಷ್ಟು ಮಾಗಿದ ರುಚಿಯಾಗಿ ಬಂದಿತು. ಆ ವರದಾನದ ಕಾಲವೂ ಈಗ ಮುಗಿಯುತ್ತಿದೆ. 2021ರಲ್ಲಿ ಬೆಚ್ಚಗಿನ ಮಾರ್ಚ್ ತಿಂಗಳನ್ನು ನಂಬಿ ಬೇಗ ಚಿಗುರಿದ ಬಳ್ಳಿಗಳನ್ನು ಏಪ್ರಿಲ್ ಮೊದಲ ವಾರದ ಚಳಿ ಸುಟ್ಟುಹಾಕಿತು. ತೋಟಗಳ ಸಾಲುಗಳಲ್ಲಿ ರಾತ್ರಿಯಿಡೀ ಉರಿದ ಸಾವಿರಾರು ಮೇಣದ ದೀಪಗಳ ಚಿತ್ರಗಳು ಜಗತ್ತನ್ನು ಸುತ್ತಿದವು. ಸಣ್ಣ ಬೆಳೆಗಾರರ ಸಾಲದ ಚಿತ್ರ ಅಷ್ಟು ದೂರ ಹೋಗಲಿಲ್ಲ.

2003ರ ಬೇಸಿಗೆಯನ್ನು ನೆನಪಿಸಿಕೊಳ್ಳಿ. ಬರ್ಗಂಡಿಯಲ್ಲಿ ಕೊಯ್ಲು ಆಗಸ್ಟ್‌ನಲ್ಲೇ ಆರಂಭವಾಯಿತು. ಆ ವರ್ಷದ ವೈನ್‌ಗಳ ಬಗ್ಗೆ ವಿಮರ್ಶಕರು ಇಂದಿಗೂ ವಾದಿಸುತ್ತಾರೆ: ಅದು ಘನವಾದ ವರ್ಷವೋ, ಹುಳಿ ಸತ್ತ ಬೆಂದ ವರ್ಷವೋ ಎಂದು. ಅದೇ ಆಗಸ್ಟ್‌ನ ಮೊದಲ ಎರಡು ವಾರಗಳಲ್ಲಿ ಫ್ರಾನ್ಸಿನಲ್ಲಿ ಸುಮಾರು 15,000 ಜನ, ಬಹುಪಾಲು ವೃದ್ಧರು, ಬಿಸಿಗಾಳಿಗೆ ಬಲಿಯಾದರು. ಇಡೀ ಯುರೋಪಿನಲ್ಲಿ ಆ ಬೇಸಿಗೆಯ ಸಾವುಗಳು 70,000ವನ್ನು ಮೀರಿದವು ಎಂಬುದು ನಂತರದ ಅಂದಾಜು. ಒಂದೇ ಋತುವಿನ ಎರಡು ಫಲಿತಾಂಶಗಳಿವು, ಆದರೆ ವಿಂಟೇಜ್ ಪಟ್ಟಿಗಳಲ್ಲಿ ಒಂದಕ್ಕೆ ಮಾತ್ರ ಅಂಕ ಸಿಗುತ್ತದೆ.

ಇದನ್ನು ಭಾವುಕತೆ ಎಂದು ತಳ್ಳಿಹಾಕುವವರು ಇರಬಹುದು. ಹಣ್ಣಿನ ಹವಾಮಾನ ಬೇರೆ, ಮನುಷ್ಯರ ಹವಾಮಾನ ಬೇರೆ ಎನ್ನಬಹುದು. ಕೊಯ್ಲಿನ ವಿಧಾನವನ್ನು ನೋಡಿದರೆ ಈ ವಾದ ನಿಲ್ಲುವುದಿಲ್ಲ. ಬಿಸಿ ಹೆಚ್ಚಿದಂತೆ ಹಣ್ಣು ಬೇಗ ಮಾಗುವುದಷ್ಟೇ ಅಲ್ಲ, ಹದವಾಗಿ ಉಳಿಯುವ ದಿನಗಳೂ ಕಡಿಮೆಯಾಗುತ್ತವೆ. ಇಂದು ಸರಿಯಾಗಿರುವ ಸಕ್ಕರೆ ನಾಲ್ಕು ದಿನ ಬಿಟ್ಟರೆ ಮಿತಿಮೀರುತ್ತದೆ. ತೋಟಗಳೆಲ್ಲ ಒಟ್ಟಿಗೆ ಹದಕ್ಕೆ ಬಂದಾಗ ಎಲ್ಲರಿಗೂ ಒಂದೇ ವಾರದಲ್ಲಿ ಆಳುಗಳು ಬೇಕು. ಆಗ ಕೂಲಿಯ ಗುತ್ತಿಗೆದಾರ ಬರುತ್ತಾನೆ. ಕೊಯ್ಲು ಈಗ ಸೆಪ್ಟೆಂಬರ್ ಕೊನೆಯ ತಂಪಿನಿಂದ ಆಗಸ್ಟ್‌ನ ಬಿಸಿಲಿಗೆ ಸರಿದಿದೆ. ಅಂದರೆ ಹವಾಮಾನ ಹಣ್ಣನ್ನು ರೂಪಿಸುವ ಹಾದಿಯಲ್ಲೇ ದುಡಿಮೆಯ ದಿನವನ್ನೂ ರೂಪಿಸುತ್ತದೆ.

2023ರ ಶಾಂಪೇನ್ ಇದಕ್ಕೆ ಸಾಕ್ಷಿ. ಅಲ್ಲಿ ಯಂತ್ರದ ಕೊಯ್ಲಿಗೆ ಅನುಮತಿಯಿಲ್ಲ. ಇಡೀ ಗೊಂಚಲುಗಳನ್ನೇ ಹಿಂಡಬೇಕೆಂಬ ನಿಯಮವಿರುವುದರಿಂದ ಸುಮಾರು 34,000 ಹೆಕ್ಟೇರ್ ತೋಟವನ್ನು ಲಕ್ಷಕ್ಕೂ ಹೆಚ್ಚು ಋತುಮಾನದ ಕೂಲಿಗಳು ಕೈಯಿಂದಲೇ ಕೊಯ್ಯಬೇಕು. ಹಲವರಿಗೆ ಕೂಲಿ ಕಿಲೋ ಲೆಕ್ಕದಲ್ಲಿ. ಆ ವರ್ಷ ಗೊಂಚಲುಗಳು ಅಸಾಧಾರಣವಾಗಿ ತೂಗುತ್ತಿದ್ದವು, ಬೂಷ್ಟಿನ ಭಯವಿತ್ತು, ಸೆಪ್ಟೆಂಬರ್ ಮೊದಲ ಭಾಗದಲ್ಲಿ ಉಷ್ಣಾಂಶ 30 ಡಿಗ್ರಿ ದಾಟಿತ್ತು. ಆ ಕೊಯ್ಲಿನಲ್ಲಿ ಕನಿಷ್ಠ ನಾಲ್ವರು ಕೂಲಿಗಳು ಸತ್ತರು; ಬಿಸಿಲಿನ ಹೊಡೆತವೇ ಕಾರಣವಿರಬಹುದೆಂಬ ಶಂಕೆಯಿಂದ ತನಿಖೆಗಳು ನಡೆದವು. ಅದೇ ಕೊಯ್ಲಿಗೆ ಕರೆತಂದಿದ್ದ, ಪಶ್ಚಿಮ ಆಫ್ರಿಕಾ ಮೂಲದ ಐವತ್ತಕ್ಕೂ ಹೆಚ್ಚು ಕಾಗದಪತ್ರವಿಲ್ಲದ ವಲಸಿಗರು ವಾಸಯೋಗ್ಯವಲ್ಲದ ಕಟ್ಟಡದಲ್ಲಿ ಪತ್ತೆಯಾದರು. 2025ರ ಜುಲೈನಲ್ಲಿ ಶಾಲೋನ್-ಆಂ-ಶಾಂಪೇನ್ ನ್ಯಾಯಾಲಯ ಮೂವರನ್ನು ಮಾನವ ಸಾಗಣೆಯ ಅಪರಾಧಿಗಳೆಂದು ಘೋಷಿಸಿತು. ದೊಡ್ಡ ಕಂಪನಿಗಳು ದ್ರಾಕ್ಷಿಯ ಬಹುಪಾಲನ್ನು ಬೆಳೆಗಾರರಿಂದ ಕೊಳ್ಳುತ್ತವೆ, ಬೆಳೆಗಾರ ಆಳುಗಳನ್ನು ಗುತ್ತಿಗೆದಾರನಿಂದ ಪಡೆಯುತ್ತಾನೆ, ಗುತ್ತಿಗೆದಾರ ಇನ್ನೊಬ್ಬನನ್ನು ಹಿಡಿಯುತ್ತಾನೆ. ಕೊಲ್ಲಿ ರಾಷ್ಟ್ರಗಳಲ್ಲಿ ಬದುಕಿರುವ ನಮ್ಮ ಓದುಗರಿಗೆ ಈ ಸರಪಳಿಯನ್ನು ವಿವರಿಸಬೇಕಿಲ್ಲ.

ಕ್ಯಾಲಿಫೋರ್ನಿಯಾದ 2020ರ ಕಥೆ ಇನ್ನೂ ನಿಚ್ಚಳ. ಆ ವರ್ಷ ನಾಪಾ, ಸೊನೋಮಾ ಕಣಿವೆಗಳನ್ನು ಕಾಡ್ಗಿಚ್ಚಿನ ಹೊಗೆ ಮುತ್ತಿತು. ಹೊಗೆಯಲ್ಲಿರುವ ಗ್ವಾಯಕಾಲ್‌ನಂಥ ಸಂಯುಕ್ತಗಳು ದ್ರಾಕ್ಷಿಯ ಸಿಪ್ಪೆಯೊಳಗೆ ಇಳಿದು ವೈನ್‌ಗೆ ಬೂದಿಯ ರುಚಿ ಕೊಡುತ್ತವೆ. ಹಣ್ಣು ಎಷ್ಟು ಹೊಗೆ ಕುಡಿದಿದೆ ಎಂದು ತಿಳಿಯಲು ಪ್ರಯೋಗಾಲಯಗಳ ಮುಂದೆ ಮಾದರಿಗಳು ವಾರಗಟ್ಟಲೆ ಸರತಿಯಲ್ಲಿ ಕಾದವು. ಹಲವು ಹೆಸರಾಂತ ತಯಾರಕರು ಆ ವರ್ಷದ ಕೆಂಪು ವೈನನ್ನೇ ಹೊರತರಲಿಲ್ಲ. ಅದೇ ಹೊಗೆಯಲ್ಲಿ, ಜನರನ್ನು ತೆರವುಗೊಳಿಸಿದ್ದ ವಲಯಗಳೊಳಗೆ ಹೋಗಿ ಕೊಯ್ಲು ಮಾಡಲು ಸೊನೋಮಾದಲ್ಲಿ ಪರವಾನಗಿ ನೀಡಲಾಗಿತ್ತು. ಹಣ್ಣಿನ ಸಿಪ್ಪೆಗೆ ಸಿಕ್ಕ ಪರೀಕ್ಷೆ ಕೊಯ್ದವರ ಶ್ವಾಸಕೋಶಕ್ಕೆ ಸಿಗಲಿಲ್ಲ. ಕೊಯ್ಲಿನವರಲ್ಲಿ ಮೆಕ್ಸಿಕೋದ ಮೂಲನಿವಾಸಿ ಸಮುದಾಯಗಳ ಅನೇಕರಿದ್ದರು. ಇಂಗ್ಲಿಷ್ ಇರಲಿ, ಸ್ಪ್ಯಾನಿಷ್ ಕೂಡ ಅವರಿಗೆ ಪರಭಾಷೆ. ಅಪಾಯಭತ್ಯೆ, ಶುದ್ಧ ನೀರುಗಳ ಜೊತೆಗೆ ಸುರಕ್ಷತೆಯ ಮಾಹಿತಿ ತಮ್ಮ ಭಾಷೆಯಲ್ಲೇ ಸಿಗಬೇಕೆಂಬುದು ನಂತರದ ಚಳವಳಿಯ ಬೇಡಿಕೆಗಳಲ್ಲಿ ಒಂದಾಯಿತು. ಭಾಷೆಯ ಹಕ್ಕು ಎಂದರೆ ನಾಮಫಲಕದ ಪ್ರಶ್ನೆ ಎಂದಷ್ಟೇ ತಿಳಿದಿರುವ ನಮಗೆ ಅದರಿಂದ ಕಲಿಯಲು ಬಹಳವಿದೆ.

ಋತುವನ್ನು ಓದುವ ಈ ಸೂಕ್ಷ್ಮತೆ ಯುರೋಪಿನ ಸೊತ್ತೇನೂ ಅಲ್ಲ. ವಿಜಯಪುರ, ಬಾಗಲಕೋಟೆಯ ದ್ರಾಕ್ಷಿ ಬೆಳೆಗಾರ ವರ್ಷಕ್ಕೆ ಎರಡು ಬಾರಿ ಚಾಟ್ನಿ ಮಾಡುತ್ತಾನೆ: ಒಂದು ಏಪ್ರಿಲ್‌ನಲ್ಲಿ, ಇನ್ನೊಂದು ಅಕ್ಟೋಬರ್ ಆಸುಪಾಸಿನಲ್ಲಿ. ಹೂ ಬಿಡುವ ಹೊತ್ತಿಗೆ ಸ್ವಾತಿ, ವಿಶಾಖ ಮಳೆ ಹಿಡಿದರೆ ದಾವಣಿ ರೋಗ. ಒಣದ್ರಾಕ್ಷಿಯನ್ನು ಶೆಡ್ಡಿನಲ್ಲಿ ಹರಡಿದಾಗ ಅಕಾಲಿಕ ಮಳೆ ಬಂದರೆ ಬಣ್ಣ ಕೆಟ್ಟು ದರ ಬಿದ್ದುಹೋಗುತ್ತದೆ. ಅವನ ಋತುಜ್ಞಾನ ಬರ್ಗಂಡಿಯವನದಕ್ಕಿಂತ ಕಡಿಮೆಯದಲ್ಲ. ಆದರೆ ಆ ವರ್ಷದ ಇಸವಿಯನ್ನು ಯಾವ ಗ್ರಾಹಕನೂ ಓದುವುದಿಲ್ಲ. ಕೆಟ್ಟ ಹವಾಮಾನ ಒಂದೆಡೆ ‘ಗುಣವಿಶೇಷ’ ಎನಿಸಿಕೊಳ್ಳುವುದಕ್ಕೂ ಇನ್ನೊಂದೆಡೆ ಬರಿಯ ಸಾಲವಾಗಿ ಉಳಿಯುವುದಕ್ಕೂ ಕಾರಣ ಬಳ್ಳಿಯಲ್ಲಿಲ್ಲ, ಬಂಡವಾಳದಲ್ಲಿದೆ.

ಹಾಗಾದರೆ ಏನು ಮಾಡಬೇಕು? ವೈನ್ ಕುಡಿಯುವುದನ್ನು ಬಿಡಿ ಎಂಬ ಉಪದೇಶ ನನ್ನದಲ್ಲ. ಫ್ರಾನ್ಸಿನ ಮೂಲಸ್ಥಾನದ ನಿಯಮಗಳು ಯಾವ ತಳಿ, ಹೆಕ್ಟೇರಿಗೆ ಎಷ್ಟು ಇಳುವರಿ, ಬಳ್ಳಿಯನ್ನು ಹೇಗೆ ಸವರಬೇಕು ಎಂಬುದನ್ನೆಲ್ಲ ಕಟ್ಟುನಿಟ್ಟಾಗಿ ಹೇಳುತ್ತವೆ. ಅವು ಬದಲಾಗದ ಶಾಸನವೂ ಅಲ್ಲ: ಬಿಸಿಯನ್ನು ತಾಳಬಲ್ಲ ಪೋರ್ಚುಗಲ್‌ನ ತೂರಿಗ ನಸಿಯೊನಲ್ ಮುಂತಾದ ಆರು ತಳಿಗಳನ್ನು ಪ್ರಯೋಗಕ್ಕಾಗಿ ಬೋರ್ಡೊದಲ್ಲಿ 2021ರಲ್ಲಿ ಒಪ್ಪಿಕೊಳ್ಳಲಾಯಿತು. ಬಳ್ಳಿಗಾಗಿ ನಿಯಮ ಬದಲಾಗಬಹುದಾದರೆ ಕೊಯ್ಯುವವರಿಗಾಗಿ ಯಾಕಾಗಬಾರದು? ಇಂತಿಷ್ಟು ಉಷ್ಣಾಂಶ ದಾಟಿದರೆ ಕೊಯ್ಲು ನಿಲ್ಲಬೇಕು, ನಿಂತ ಗಂಟೆಗಳಿಗೂ ಕೂಲಿ ಸಿಗಬೇಕು, ವಸತಿಯನ್ನು ಪರಿಶೀಲಿಸಿದ ತೋಟದ ಹಣ್ಣಿಗೆ ಮಾತ್ರ ಪ್ರಾಂತ್ಯದ ಹೆಸರು ದಕ್ಕಬೇಕು ಎಂದು ಅದೇ ನಿಯಮಾವಳಿಯಲ್ಲಿ ಬರೆಯಬಹುದು. ನಡೆದಿರುವುದು ಮಿಶ್ರ ಚಿತ್ರ. ಕೈಯಿಂದ ಕೊಯ್ಯುವ ಇಂಥ ವೈನ್‌ಗಳಿಗಾಗಿ ವಾರದ ರಜೆಯನ್ನು ಅಮಾನತಿನಲ್ಲಿಡಲು 2024ರ ಜುಲೈನ ಆದೇಶವೊಂದು ಅವಕಾಶ ಕೊಟ್ಟಿತು. 2025ರ ಜುಲೈ 1ರಿಂದ ಜಾರಿಗೆ ಬಂದ ಇನ್ನೊಂದು ಆದೇಶ ಬಿಸಿಗಾಳಿಯ ಎಚ್ಚರಿಕೆಯ ದಿನಗಳಲ್ಲಿ ಕೆಲಸದ ವೇಳೆಯನ್ನು ಹೊಂದಿಸಬೇಕೆಂದೂ, ನಲ್ಲಿ ನೀರಿಲ್ಲದ ಕಡೆ ಪ್ರತಿಯೊಬ್ಬರಿಗೆ ದಿನಕ್ಕೆ ಕನಿಷ್ಠ ಮೂರು ಲೀಟರ್ ನೀರು ಕೊಡಬೇಕೆಂದೂ ವಿಧಿಸಿತು. ಕೆಲಸ ನಿಲ್ಲಲೇಬೇಕಾದ ಉಷ್ಣಾಂಶವನ್ನು ಮಾತ್ರ ಅದು ಹೇಳಲಿಲ್ಲ. ನಾವು ಸದಾ ಟೀಕಿಸುವ, ಟೀಕಿಸಲೇಬೇಕಾದ ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಕೂಡ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆಯವರೆಗೆ ನೇರ ಬಿಸಿಲಿನಲ್ಲಿ ದುಡಿಸುವಂತಿಲ್ಲ ಎಂಬ ನಿಯಮವಿದೆ. ಅದು ಸಾಲದು, ಆದರೆ ಕೂಲಿಯವನಿಗೆ ಓದಲು ಒಂದು ಗಡಿಯಾರವಾದರೂ ಇದೆ.

ವಿಂಟೇಜ್ ಪಟ್ಟಿ ಬರೆಯುವ ವಿಮರ್ಶಕರೂ ಒಂದು ಸಣ್ಣ ಕೆಲಸ ಮಾಡಬಹುದು. ಏಪ್ರಿಲ್‌ನ ಚಳಿ, ಜೂನ್‌ನ ಮಳೆ, ಆಗಸ್ಟ್‌ನ ಬಿಸಿಲುಗಳನ್ನು ವರ್ಣಿಸುವ ಪುಟದಲ್ಲೇ ಆ ಕೊಯ್ಲು ಎಷ್ಟು ಡಿಗ್ರಿಯಲ್ಲಿ, ಯಾರ ಕೈಯಿಂದ, ಯಾವ ಕೂಲಿಗೆ ನಡೆಯಿತು ಎಂಬ ಎರಡು ಸಾಲು ಸೇರಿಸಬಹುದು. ಅದು ರುಚಿಗೆ ಹೊರಗಿನ ಮಾತಲ್ಲ. ಆ ವರ್ಷದ ಹವಾಮಾನವನ್ನು ಪೂರ್ತಿಯಾಗಿ ಓದುವುದೆಂದರೆ ಅದೇ. 2023 ಒಳ್ಳೆಯ ವರ್ಷವೇ ಎಂದು ಕೇಳಿದವರಿಗೆ ಬರಿಯ ಅಂಕ ಹೇಳಿ ಸುಮ್ಮನಾಗುವುದು, ಕಡತದ ಅರ್ಧ ಪುಟವನ್ನು ಹರಿದು ಎಸೆದಂತೆ.