ಮಷಿನ್ ಮುಟ್ಟಿದರೆ 'ಜುಮ್' ಅನ್ನುತ್ತಿದೆಯೇ? ಚಪ್ಪಲಿ ಹಾಕಿಕೊಂಡರೆ ಸಾಲದು!

'ಅಣ್ಣಾ, ಈ ಡ್ರಿಲ್ಲಿಂಗ್ ಮಷಿನ್ ಯಾಕೋ ಶಾಕ್ ಹೊಡೀತಿದೆ.'

'ಏನಾಗಲ್ಲ, ಚಪ್ಪಲಿ ಹಾಕ್ಕೊಂಡು ಹಿಡ್ಕೊ. ಇಲ್ಲಾಂದ್ರೆ ವೈರ್ ತಿರುಗಿಸಿ ಹಾಕು, ಸರಿಹೋಗತ್ತೆ.'

ಗ್ರಿಲ್ ಕೆಲಸದ ಅಂಗಡಿ, ಮರಗೆಲಸದ ಶೆಡ್, ಗ್ಯಾರೇಜು, ಮನೆ ಕಟ್ಟುವ ಜಾಗ – ಇಂಥ ಕಡೆಗಳಲ್ಲೆಲ್ಲ ಈ ಮಾತು ಕೇಳಿಬರುತ್ತದೆ. ಹೇಳುವವರು ಕೆಟ್ಟ ಮನಸ್ಸಿನಿಂದ ಹೇಳುವುದಿಲ್ಲ. ಇಪ್ಪತ್ತು ವರ್ಷ ಹಾಗೆಯೇ ಕೆಲಸ ಮಾಡಿ ಏನೂ ಆಗದ ಅನುಭವದ ಮೇಲೆ ಹೇಳುತ್ತಾರೆ. ಆದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಇತ್ತೀಚಿನ ವರ್ಷಗಳ ವರದಿಗಳನ್ನು ನೋಡಿದರೆ, ನಮ್ಮ ದೇಶದಲ್ಲಿ ವರ್ಷಕ್ಕೆ 10,000ಕ್ಕೂ ಹೆಚ್ಚು ಮಂದಿ ವಿದ್ಯುತ್ ತಗುಲಿ ಸಾಯುತ್ತಿದ್ದಾರೆ. ಹಾಗಾದರೆ 'ಸಣ್ಣ ಶಾಕ್' ಅನ್ನುವುದು ಇದೆಯೇ? ಚಪ್ಪಲಿ, ಎಂಸಿಬಿ, ತಿರುಗಿಸಿದ ಪ್ಲಗ್ – ಇವು ನಮ್ಮನ್ನು ಕಾಪಾಡುತ್ತವೆಯೇ? ಒಂದೊಂದಾಗಿ ನೋಡೋಣ.

ಎಷ್ಟು ಕರೆಂಟ್ ಹರಿದರೆ ಏನಾಗುತ್ತದೆ?

ದೇಹದ ಮೂಲಕ ಹರಿಯುವ ಕರೆಂಟನ್ನು ಮಿಲಿ ಆಂಪಿಯರ್‌ನಲ್ಲಿ ಅಳೆಯುತ್ತಾರೆ. 1000 ಮಿಲಿ ಆಂಪಿಯರ್ ಸೇರಿದರೆ 1 ಆಂಪಿಯರ್. ನಮ್ಮ ಮನೆ, ಅಂಗಡಿಗಳಿಗೆ ಬರುವ 50 ಹರ್ಟ್ಸ್ ಎ.ಸಿ. ಕರೆಂಟಿನ ಪರಿಣಾಮ ಸುಮಾರಾಗಿ ಹೀಗಿರುತ್ತದೆ:

- ಸುಮಾರು 1 ಮಿಲಿ ಆಂಪಿಯರ್: 'ಜುಮ್' ಅನ್ನುವ ಅನುಭವ.
- ಸುಮಾರು 10 ಮಿಲಿ ಆಂಪಿಯರ್: ಕೈಯ ಸ್ನಾಯುಗಳು ಬಿಗಿಯುತ್ತವೆ. ಹಿಡಿದದ್ದನ್ನು ಬಿಡಬೇಕೆಂದರೂ ಬಿಡಲಾಗುವುದಿಲ್ಲ.
- 20ರ ಆಸುಪಾಸು: ಎದೆಯ ಸ್ನಾಯುಗಳು ಬಿಗಿದು ಉಸಿರಾಟ ಕಷ್ಟವಾಗುತ್ತದೆ.
- 30ರಿಂದ 50ರ ಮೇಲೆ, ಒಂದೆರಡು ಸೆಕೆಂಡು ಹರಿದರೂ: ಹೃದಯದ ಬಡಿತ ಲಯ ತಪ್ಪುವ ಅಪಾಯ. ಕರೆಂಟ್ ಹೆಚ್ಚಿದಂತೆ ಸಾವಿನ ಸಾಧ್ಯತೆಯೂ ಹೆಚ್ಚುತ್ತದೆ.

'ಕರೆಂಟ್ ಮನುಷ್ಯನನ್ನು ಎಳೆದುಕೊಳ್ಳುತ್ತದೆ' ಎಂದು ಜನ ಹೇಳುವುದು ಎರಡನೆಯ ಹಂತವನ್ನು ನೋಡಿಯೇ. ನಿಜದಲ್ಲಿ ಕರೆಂಟ್ ಯಾರನ್ನೂ ಎಳೆಯುವುದಿಲ್ಲ. ಬೆರಳು ಮಡಚುವ ಸ್ನಾಯುಗಳು ಬಿಡಿಸುವ ಸ್ನಾಯುಗಳಿಗಿಂತ ಬಲವಾಗಿವೆ. ಕರೆಂಟ್ ಹರಿದಾಗ ಎರಡೂ ಒಟ್ಟಿಗೆ ಬಿಗಿಯುತ್ತವೆ, ಬಲವಾದದ್ದು ಗೆಲ್ಲುತ್ತದೆ, ಮುಷ್ಟಿ ಮುಚ್ಚಿಕೊಳ್ಳುತ್ತದೆ. ಕೈಯಲ್ಲಿ ಹಿಡಿದೇ ಕೆಲಸ ಮಾಡುವ ಡ್ರಿಲ್ಲಿಂಗ್ ಮಷಿನ್, ಕಟಿಂಗ್ ಮಷಿನ್‌ಗಳು ಹೆಚ್ಚು ಅಪಾಯಕಾರಿ ಆಗುವುದು ಇದೇ ಕಾರಣಕ್ಕೆ.

ಸಣ್ಣ ಶಾಕ್ ಅಂದರೆ ಸಣ್ಣ ದೋಷ ಅಲ್ಲ

ಈಗ ಒಂದು ಸುಲಭ ಲೆಕ್ಕ ಹಾಕೋಣ. ಮಷಿನ್‌ನ ಲೋಹದ ಮೈಗೆ ಒಳಗಿನ ಫೇಸ್ ವೈರ್ ತಗುಲಿದೆ, ಅಂದರೆ ಮೈಯಲ್ಲಿ ಪೂರ್ತಿ 230 ವೋಲ್ಟ್ ಇದೆ ಎಂದುಕೊಳ್ಳಿ. ನೀವು ಒಣ ಚಪ್ಪಲಿ ಹಾಕಿ ಒಣ ನೆಲದ ಮೇಲೆ ನಿಂತಿದ್ದೀರಿ. ಕೈಯಿಂದ ನೆಲದವರೆಗಿನ ದಾರಿಯ ಪ್ರತಿರೋಧ 1 ಲಕ್ಷ ಓಮ್ ಇದ್ದರೆ ಹರಿಯುವುದು 2.3 ಮಿಲಿ ಆಂಪಿಯರ್. 'ಜುಮ್' ಅನ್ನುತ್ತದೆ, ಅಷ್ಟೇ.

ಮರುದಿನ ಮಳೆ. ನೆಲ ಒದ್ದೆ, ಚಪ್ಪಲಿ ನೆನೆದಿದೆ, ಕೈ ಬೆವರಿದೆ, ಮಷಿನ್ ಬಿಗಿಯಾಗಿ ಹಿಡಿದಿದ್ದೀರಿ. ಈಗ ಆ ದಾರಿಯ ಪ್ರತಿರೋಧ 1000 ಓಮ್‌ಗೆ ಇಳಿದಿರಬಹುದು. ಹರಿಯುವ ಕರೆಂಟ್ 230 ಮಿಲಿ ಆಂಪಿಯರ್!

ಮಷಿನ್ ಅದೇ, ದೋಷವೂ ಅದೇ. ನಿನ್ನೆ ಜುಮ್ ಅಂದದ್ದು ಇವತ್ತು ಜೀವ ತೆಗೆಯಬಹುದು. ಶಾಕ್ ಎಷ್ಟು ಜೋರಾಗಿದೆ ಎಂಬುದರಿಂದ ಆ ಕ್ಷಣದಲ್ಲಿ ನಿಮ್ಮ ಚಪ್ಪಲಿ, ನೆಲ, ಕೈ ಎಷ್ಟು ಒಣಗಿದ್ದವು ಎಂಬುದು ತಿಳಿಯುತ್ತದೆ. ಮಷಿನ್ ಎಷ್ಟು ಕೆಟ್ಟಿದೆ ಎಂಬುದು ತಿಳಿಯುವುದಿಲ್ಲ.

ಮಷಿನ್ ಮೈಗೆ ಕರೆಂಟ್ ಬರುವುದು ಹೇಗೆ?

ಹೆಚ್ಚಿನ ಸಲ ದೋಷ ಶುರುವಾಗುವುದು ವೈರ್ ಮಷಿನ್ ಒಳಗೆ ಹೋಗುವ ಜಾಗದಲ್ಲಿ. ದಿನಾ ಬಾಗಿ ಬಾಗಿ ಅಲ್ಲಿ ವೈರಿನ ಹೊದಿಕೆ ಸೀಳುತ್ತದೆ. ವೈರ್ ಹಿಡಿದು ಮಷಿನ್ ಎತ್ತುವುದು, ಎಳೆಯುವುದು ಇದನ್ನು ಇನ್ನೂ ಬೇಗ ಮಾಡುತ್ತದೆ. ಕಬ್ಬಿಣ ಕತ್ತರಿಸುವಾಗ ಏಳುವ ಲೋಹದ ಪುಡಿ ಗಾಳಿಕಿಂಡಿಯ ಮೂಲಕ ಒಳಗೆ ಹೋಗಿ ಕೂರುತ್ತದೆ, ಕಾರ್ಬನ್ ಬ್ರಷ್ ಸವೆದು ಬರುವ ಕಪ್ಪು ಪುಡಿ ಒಳಗೇ ಕೂರುತ್ತದೆ. ಎರಡಕ್ಕೂ ಕರೆಂಟ್ ಹರಿಸುವ ಗುಣವಿದೆ. ಮೋಟಾರ್ ಬಿಸಿಯಾಗಿ ಕಾಯಿಲ್‌ನ ವಾರ್ನಿಷ್ ಸುಟ್ಟರೂ ಸೋರಿಕೆ ಆಗುತ್ತದೆ. ಇನ್ನು ಟೇಪ್ ಸುತ್ತಿದ ಜಾಯಿಂಟ್‌ಗಳು ನೀರು ಬಿದ್ದ ನೆಲದ ಮೇಲೆ ಮಲಗಿರುವುದನ್ನು ನಾವೆಲ್ಲ ನೋಡಿದ್ದೇವೆ.

ನಂಬಿಕೆ 1: ಚಪ್ಪಲಿ ಹಾಕಿದರೆ ಶಾಕ್ ಹೊಡೆಯಲ್ಲ

ಒಣಗಿದ, ತೂತಿಲ್ಲದ ರಬ್ಬರ್ ಚಪ್ಪಲಿ ಸ್ವಲ್ಪ ಸಹಾಯ ಮಾಡುವುದು ನಿಜ. ಆದರೆ ಸವೆದ, ನೆನೆದ, ಮೊಳೆ ಚುಚ್ಚಿದ ಚಪ್ಪಲಿಯನ್ನು ನಂಬುವಂತಿಲ್ಲ. ಅದಕ್ಕಿಂತ ಮುಖ್ಯವಾದ ಮಾತು, ಕರೆಂಟ್ ಕಾಲಿನ ಮೂಲಕವೇ ಹೋಗಬೇಕೆಂದಿಲ್ಲ. ಬಲಗೈಯಲ್ಲಿ ಮಷಿನ್, ಎಡಗೈಯಲ್ಲಿ ನೆಲಕ್ಕೆ ಊರಿದ ಕಬ್ಬಿಣದ ಆಂಗಲ್ ಇದ್ದರೆ ಕರೆಂಟ್ ಒಂದು ಕೈಯಿಂದ ಇನ್ನೊಂದು ಕೈಗೆ ಎದೆಯ ಮೂಲಕವೇ ಹಾದುಹೋಗುತ್ತದೆ. ಅಲ್ಲಿ ಚಪ್ಪಲಿಯ ಪಾತ್ರವೇ ಇಲ್ಲ.

ನಂಬಿಕೆ 2: ವೈರ್ ತಿರುಗಿಸಿ ಹಾಕಿದರೆ ಸರಿಹೋಗುತ್ತದೆ

ಎರಡು ಪಿನ್ ಪ್ಲಗ್ ತಿರುಗಿಸಿದಾಗ, ಅಥವಾ ಪ್ಲಗ್ ಇಲ್ಲದೆ ಸಾಕೆಟ್‌ಗೆ ಬೆಂಕಿಕಡ್ಡಿಯಿಂದ ಸಿಕ್ಕಿಸಿದ ವೈರ್‌ಗಳನ್ನು ಅದಲು ಬದಲು ಮಾಡಿದಾಗ ಶಾಕ್ ಕಡಿಮೆ ಆಗುವುದುಂಟು. ಕಾರಣ ಸರಳ. ಕಾಯಿಲ್‌ನ ಕೆಟ್ಟ ಜಾಗ ಮೊದಲು ಫೇಸ್ ಕಡೆಗಿತ್ತು, ಈಗ ನ್ಯೂಟ್ರಲ್ ಕಡೆಗೆ ಬಂತು. ಕಿತ್ತುಹೋದ ಹೊದಿಕೆ ಹಾಗೆಯೇ ಇದೆ. ಜೊತೆಗೆ ಹೊಸ ಅಪಾಯವೂ ಸೇರಿಕೊಳ್ಳಬಹುದು: ಮಷಿನ್‌ನ ಸ್ವಿಚ್ ಒಂದೇ ವೈರನ್ನು ಕತ್ತರಿಸುವಂಥದ್ದಾಗಿದ್ದರೆ, ತಿರುಗಿಸಿದ ಮೇಲೆ ಅದು ಫೇಸ್ ಬದಲು ನ್ಯೂಟ್ರಲ್ ಅನ್ನು ಕತ್ತರಿಸುತ್ತದೆ. ಆಗ ಮಷಿನ್ ಆಫ್ ಆಗಿದ್ದರೂ ಒಳಗೆ 230 ವೋಲ್ಟ್ ಇರುತ್ತದೆ. ಬ್ಲೇಡ್ ಬದಲಿಸುವ ಮೊದಲು ಪ್ಲಗ್ಗನ್ನೇ ಕೀಳಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ.

ನಂಬಿಕೆ 3: ಎಂಸಿಬಿ ಇದೆ, ಏನೂ ಆಗಲ್ಲ

ಎಂಸಿಬಿ ಇರುವುದು ವೈರಿಂಗ್ ಬಿಸಿಯಾಗಿ ಸುಡದಂತೆ ಕಾಯಲು. 16 ಆಂಪಿಯರ್ ಎಂಸಿಬಿ ಅಂದರೆ 16,000 ಮಿಲಿ ಆಂಪಿಯರ್. ಮೇಲಿನ ಲೆಕ್ಕದಲ್ಲಿ ಜೀವ ತೆಗೆಯಬಲ್ಲ ಕರೆಂಟ್ 230 ಮಿಲಿ ಆಂಪಿಯರ್ ಮಾತ್ರ. 60 ವ್ಯಾಟ್‌ನ ಹಳೇ ಬಲ್ಬ್ ಕೂಡ ಅದಕ್ಕಿಂತ ಹೆಚ್ಚು ಎಳೆಯುತ್ತದೆ. ಒಂದು ಬಲ್ಬ್ ಉರಿದರೆ ಬೀಳದ ಎಂಸಿಬಿ, ಮನುಷ್ಯನಿಗೆ ಶಾಕ್ ಹೊಡೆದರೂ ಬೀಳುವುದಿಲ್ಲ.

ನಂಬಿಕೆ 4: ಮೂರನೇ ಪಿನ್ ಸುಮ್ಮನೆ ಇರೋದು

ಮೂರು ಪಿನ್ ಪ್ಲಗ್‌ನಲ್ಲಿ ಮೇಲಿನ ಅರ್ಥ್ ಪಿನ್ ಉದ್ದವಾಗಿಯೂ ದಪ್ಪವಾಗಿಯೂ ಇರುತ್ತದೆ. ಉದ್ದ ಇರುವುದರಿಂದ ಅದು ಮೊದಲು ಸೇರಿ ಕೊನೆಗೆ ಬಿಡುತ್ತದೆ. ದಪ್ಪ ಇರುವುದರಿಂದ ಫೇಸ್‌ನ ತೂತಿಗೆ ಹೋಗುವುದಿಲ್ಲ. ಇಷ್ಟು ಯೋಚಿಸಿ ಮಾಡಿದ ಪಿನ್ನನ್ನು ಕತ್ತರಿಸಿದರೆ, ಸೋರಿದ ಕರೆಂಟ್ ನೆಲಕ್ಕೆ ಹೋಗಲು ಇದ್ದ ದಾರಿಯೇ ಮುಚ್ಚಿಹೋಗುತ್ತದೆ. ಆಮೇಲೆ ಉಳಿಯುವ ದಾರಿ ಮಷಿನ್ ಹಿಡಿದವರ ದೇಹ.

'ನನ್ನ ಹೊಸ ಡ್ರಿಲ್ಲಿಂಗ್ ಮಷಿನ್‌ಗೆ ಕಂಪನಿಯವರೇ ಎರಡು ಪಿನ್ ಕೊಟ್ಟಿದ್ದಾರಲ್ಲ?' ಎಂದು ನೀವು ಕೇಳಬಹುದು. ಅದರ ಮೇಲಿನ ಚೀಟಿ ನೋಡಿ. ಒಂದು ಚೌಕದೊಳಗೆ ಇನ್ನೊಂದು ಚೌಕದ ಗುರುತಿದ್ದರೆ ಅದು ಎರಡು ಪದರ ರಕ್ಷಣೆ ಇರುವ ಮಷಿನ್, ಅದಕ್ಕೆ ಅರ್ಥ್ ಬೇಕಿಲ್ಲ. ಆದರೆ ಅದರ ಪ್ಲಾಸ್ಟಿಕ್ ಕವಚ ಒಡೆದಿದ್ದರೆ ಅಥವಾ ಒಳಗೆ ನೀರು ಹೋಗಿದ್ದರೆ ಆ ರಕ್ಷಣೆಯನ್ನು ನಂಬಬೇಡಿ.

ಇನ್ನೊಂದು ಕೆಟ್ಟ ರೂಢಿಯಿದೆ. ಅರ್ಥಿಂಗ್ ಇಲ್ಲದ ಕಡೆ ಸಾಕೆಟ್‌ನ ಅರ್ಥ್ ತೂತಿಗೆ ನ್ಯೂಟ್ರಲ್‌ನಿಂದಲೇ ಒಂದು ತುಂಡು ವೈರ್ ಕೊಟ್ಟುಬಿಡುತ್ತಾರೆ. ಎಲ್ಲೋ ಒಂದು ಕಡೆ ನ್ಯೂಟ್ರಲ್ ಕಿತ್ತುಹೋದ ದಿನ ಅಲ್ಲಿ ಸಿಕ್ಕಿಸಿದ ಮಷಿನ್‌ಗಳ ಲೋಹದ ಮೈಗೆಲ್ಲ 230 ವೋಲ್ಟ್ ಬರಬಹುದು. ಇದನ್ನು ಖಂಡಿತ ಮಾಡಿಸಬೇಡಿ.

ನಂಬಿಕೆ 5: ವೆಲ್ಡಿಂಗ್ ಮಷಿನ್‌ನಲ್ಲಿ ವೋಲ್ಟೇಜ್ ಕಡಿಮೆ, ಭಯ ಇಲ್ಲ

ಸಾಮಾನ್ಯ ಎ.ಸಿ. ವೆಲ್ಡಿಂಗ್ ಟ್ರಾನ್ಸ್‌ಫಾರ್ಮರ್‌ನಲ್ಲಿ ಬೆಸುಗೆ ಹಾಕದೆ ಸುಮ್ಮನಿರುವಾಗ ಹೋಲ್ಡರ್‌ನಲ್ಲಿ 50ರಿಂದ 80 ವೋಲ್ಟ್ ಇರುತ್ತದೆ. ಬೆವರಿನಲ್ಲಿ ನೆಂದ ಮೈಯಲ್ಲಿ, ಕಬ್ಬಿಣದ ಟ್ಯಾಂಕ್ ಒಳಗೆ ಕುಳಿತವರಿಗೆ 80 ವೋಲ್ಟ್ ಅಂದರೂ ಸುಮಾರು 80 ಮಿಲಿ ಆಂಪಿಯರ್ ಆದೀತು. ಹರಿದ ಗ್ಲೌಸ್, ಒಡೆದ ಹೋಲ್ಡರ್, ಬರಿಗೈಯಲ್ಲಿ ರಾಡ್ ಬದಲಿಸುವುದು – ಮೂರೂ ಬೇಡ.

ನಿಜವಾಗಿ ಕಾಪಾಡುವುದು ಯಾವುದು?

ಎರಡು ಸಂಗತಿಗಳು: ಸರಿಯಾದ ಅರ್ಥಿಂಗ್ ಮತ್ತು ಆರ್‌ಸಿಸಿಬಿ. ಎರಡೂ ಒಟ್ಟಿಗೆ ಬೇಕು.

ಅರ್ಥಿಂಗ್ ಒಂದೇ ಸಾಲದು. ಅರ್ಥ್ ಗುಂಡಿ ಬೇಸಿಗೆಯಲ್ಲಿ ಒಣಗಿ ಪ್ರತಿರೋಧ 10 ಓಮ್ ಆಗಿದ್ದರೆ ಹರಿಯುವುದು ಹೆಚ್ಚೆಂದರೆ 23 ಆಂಪಿಯರ್. 16 ಆಂಪಿಯರ್ ಎಂಸಿಬಿ ಬೀಳಲು ಅಷ್ಟು ಕರೆಂಟಿಗೆ ಬಹಳ ಹೊತ್ತು ಹಿಡಿಯಬಹುದು. ಅಲ್ಲಿಯವರೆಗೆ ಮಷಿನ್ ಮೈಯಲ್ಲಿ ಕರೆಂಟ್ ಇದ್ದೇ ಇರುತ್ತದೆ.

ಆರ್‌ಸಿಸಿಬಿ ಫೇಸ್‌ನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂತೇ ಎಂದು ಸದಾ ಲೆಕ್ಕ ನೋಡುತ್ತಿರುತ್ತದೆ. 30 ಮಿಲಿ ಆಂಪಿಯರ್‌ನಷ್ಟು ಕಡಿಮೆ ಬಂದರೆ, ಅದು ಯಾರದೋ ಮೈ ಮೂಲಕವೋ ಮಷಿನ್ ಮೈ ಮೂಲಕವೋ ನೆಲಕ್ಕೆ ಹೋಗುತ್ತಿದೆ ಎಂದರ್ಥ. ಸೆಕೆಂಡಿನ ಮೂರನೇ ಒಂದು ಭಾಗಕ್ಕೂ ಮೊದಲೇ ಲೈನ್ ಕತ್ತರಿಸುತ್ತದೆ. ಅಮೆರಿಕದ ಬರ್ಕ್ಲಿಯಲ್ಲಿದ್ದ ಪ್ರೊಫೆಸರ್ ಚಾರ್ಲ್ಸ್ ಡಾಲ್ಜಿಯಲ್, ಮನುಷ್ಯ ಎಷ್ಟು ಕರೆಂಟ್‌ವರೆಗೆ ಕೈ ಬಿಡಬಲ್ಲ ಎಂಬುದನ್ನು ಅಳೆದವರು. 1961ರಲ್ಲಿ ಅಲ್ಲಿನ ಇಂಥದೇ ಸಾಧನವನ್ನು ರೂಪಿಸಿದವರೂ ಅವರೇ.

ಕೊಳ್ಳುವಾಗ 30 ಮಿಲಿ ಆಂಪಿಯರ್‌ನದ್ದನ್ನೇ ಕೇಳಿ. 100, 300ರವು ಮನುಷ್ಯರ ಜೀವ ಕಾಯಲು ಸಾಲುವುದಿಲ್ಲ. ಅದರ ಮೇಲಿನ 'ಟೆಸ್ಟ್' ಬಟನ್ ತಿಂಗಳಿಗೊಮ್ಮೆ ಒತ್ತಿ, ಬೀಳದಿದ್ದರೆ ಬದಲಿಸಿ. ಆದರೆ ಒಂದು ಮಿತಿ ನೆನಪಿರಲಿ: ಒಂದು ಕೈ ಫೇಸ್, ಇನ್ನೊಂದು ಕೈ ನ್ಯೂಟ್ರಲ್ ಮುಟ್ಟಿದರೆ ಆರ್‌ಸಿಸಿಬಿಗೆ ನೀವೂ ಒಂದು ಬಲ್ಬ್‌ನಂತೆಯೇ ಕಾಣುತ್ತೀರಿ.

'ಆರ್‌ಸಿಸಿಬಿ ಹಾಕಿದ ಮೇಲೆ ಪದೇ ಪದೇ ಬೀಳುತ್ತೆ, ಕೆಲಸ ಆಗಲ್ಲ' ಎಂದು ಬೈಪಾಸ್ ಮಾಡಿಸುವವರಿದ್ದಾರೆ. ಅದು ಬೀಳುತ್ತಿದೆ ಎಂದರೆ ಎಲ್ಲೋ ಕರೆಂಟ್ ಸೋರುತ್ತಿರುವ ಸಾಧ್ಯತೆ ಹೆಚ್ಚು. ಮಷಿನ್‌ಗಳನ್ನೆಲ್ಲ ಕಿತ್ತು ಒಂದೊಂದಾಗಿ ಹಾಕಿ ನೋಡಿ, ಯಾವುದು ಹಾಕಿದಾಗ ಬೀಳುತ್ತದೋ ಅದನ್ನು ರಿಪೇರಿಗೆ ಕಳಿಸಿ.

ಮಷಿನ್ ಜುಮ್ ಅಂದಾಗ ಏನು ಮಾಡಬೇಕು?

- ಬೋರ್ಡಿನಲ್ಲಿ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಮಷಿನ್ ಪಕ್ಕಕ್ಕಿಡಿ. 'ಶಾಕ್ ಹೊಡೆಯುತ್ತದೆ, ಮುಟ್ಟಬೇಡಿ' ಎಂದು ಚೀಟಿ ಕಟ್ಟಿ. ಇಲ್ಲದಿದ್ದರೆ ನೀವು ಊಟಕ್ಕೆ ಹೋದಾಗ ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ.
- ಇನ್ನೊಮ್ಮೆ ಮುಟ್ಟಿ ಪರೀಕ್ಷೆ ಮಾಡಬೇಡಿ, ಅಂಗೈ ತಿರುಗಿಸಿಯೂ ಬೇಡ. ಟೆಸ್ಟರ್ ಹೊತ್ತಿತೋ ಇಲ್ಲವೋ ಎಂಬುದರ ಮೇಲೂ ತೀರ್ಮಾನ ಮಾಡಬೇಡಿ.
- ಎಲೆಕ್ಟ್ರಿಷಿಯನ್ ಹತ್ತಿರ ಎರಡು ಪರೀಕ್ಷೆ ಮಾಡಿಸಿ: ಪ್ಲಗ್‌ನ ಅರ್ಥ್ ಪಿನ್‌ನಿಂದ ಮಷಿನ್‌ನ ಲೋಹದ ಮೈವರೆಗೆ ವೈರ್ ಕೂಡಿದೆಯೇ, ಮೆಗ್ಗರ್ ಹಾಕಿದಾಗ ಸೋರಿಕೆ ಕಾಣುತ್ತದೆಯೇ.
- ಬೇರೆ ಮಷಿನ್‌ಗಳೂ ಜುಮ್ ಅನ್ನುತ್ತಿದ್ದರೆ ದೋಷ ವೈರಿಂಗ್‌ನಲ್ಲೇ ಇರಬಹುದು. ಮೇನ್ ಆಫ್ ಮಾಡಿ. ಕಂಬದಿಂದ ಬರುವ ಲೈನ್ ಮೇಲೆ ಅನುಮಾನವಿದ್ದರೆ ವಿದ್ಯುತ್ ಕಂಪನಿಯ ಸಹಾಯವಾಣಿ 1912ಕ್ಕೆ ಕರೆ ಮಾಡಿ.

ಯಾರಿಗಾದರೂ ಶಾಕ್ ಹೊಡೆದರೆ?

ಓಡಿಹೋಗಿ ಹಿಡಿದು ಎಳೆಯಬೇಡಿ, ಕರೆಂಟ್ ನಿಮ್ಮ ಮೈಗೂ ಹರಿಯುತ್ತದೆ. ಮೊದಲು ಮೇನ್ ಆಫ್ ಮಾಡಿ. ಜನರೇಟರ್, ಯುಪಿಎಸ್ ಇದ್ದರೆ ಅದನ್ನೂ ಆಫ್ ಮಾಡಿ. ಮೇನ್ ಸಿಗದಿದ್ದರೆ ಒಣ ಜಾಗದಲ್ಲಿ ನಿಂತು ಒಣ ಮರದ ಕೋಲು ಅಥವಾ ಪ್ಲಾಸ್ಟಿಕ್ ಪೈಪಿನಿಂದ ಮಷಿನ್ ಅಥವಾ ವೈರನ್ನು ದೂರ ತಳ್ಳಿ. ಇದು ಅಂಗಡಿಯ 230 ವೋಲ್ಟ್ ಲೈನಿಗೆ ಮಾತ್ರ. ಹೈಟೆನ್ಷನ್ ಲೈನ್ ಬಿದ್ದಿದ್ದರೆ ಹತ್ತಿರವೂ ಹೋಗಬೇಡಿ.

ಬಿದ್ದವರಿಗೆ ಎಚ್ಚರ ಇಲ್ಲ, ಉಸಿರು ಇಲ್ಲ ಅಥವಾ ಏದುಸಿರು ಮಾತ್ರ ಇದೆ ಎಂದಾದರೆ 108 ಅಥವಾ 112ಕ್ಕೆ ಕರೆ ಮಾಡಿಸಿ, ತಕ್ಷಣ ಎದೆ ಒತ್ತಲು ಶುರು ಮಾಡಿ. ಎದೆಯ ಮಧ್ಯದಲ್ಲಿ ಎರಡೂ ಅಂಗೈ ಒಂದರ ಮೇಲೊಂದಿಟ್ಟು, 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ. ಕಲಿತವರಿದ್ದರೆ 30 ಸಲ ಒತ್ತಿ 2 ಸಲ ಬಾಯಿಂದ ಉಸಿರು ಕೊಡಲಿ. ಕಲಿಯದವರು ಒತ್ತುತ್ತಲೇ ಇರಿ, ಅಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ.

'ಶಾಕ್ ಹೊಡೆದವರನ್ನು ಕುತ್ತಿಗೆವರೆಗೆ ಮಣ್ಣಿನಲ್ಲಿ ಹೂತರೆ ಕರೆಂಟ್ ಇಳಿದು ಬದುಕುತ್ತಾರೆ' ಎನ್ನುವ ಮಾತನ್ನು ನೀವೂ ಕೇಳಿರಬಹುದು. ಇದು ಸುಳ್ಳು. ಲೈನ್ ಕತ್ತರಿಸಿದ ಮೇಲೆ ದೇಹದಲ್ಲಿ ಇಳಿಸಲು ಕರೆಂಟೇ ಉಳಿದಿರುವುದಿಲ್ಲ. ಉಳಿದಿರುವುದು ನಿಂತ ಹೃದಯ. ಎದೆ ಒತ್ತದೆ ಕಳೆಯುವ ಪ್ರತಿ ನಿಮಿಷಕ್ಕೆ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಇಳಿಯುತ್ತದೆ. ಗುಂಡಿ ತೋಡುವಷ್ಟರಲ್ಲಿ ಆ ಅವಕಾಶವೇ ಮುಗಿದಿರುತ್ತದೆ. ಮಣ್ಣಿನ ಒತ್ತಡ ಉಸಿರಾಟಕ್ಕೂ ಅಡ್ಡಿ.

ಎದ್ದು ಕುಳಿತು 'ನಂಗೇನೂ ಆಗಿಲ್ಲ' ಅಂದರೂ, ಎಚ್ಚರ ತಪ್ಪಿದ್ದರೆ, ಎದೆನೋವು, ಎದೆ ಡವಗುಟ್ಟುವಿಕೆ, ಸುಟ್ಟ ಗಾಯ ಇದ್ದರೆ, ಅಥವಾ ಅವರು ಗರ್ಭಿಣಿಯಾಗಿದ್ದರೆ ಆಸ್ಪತ್ರೆಗೆ ಕರೆದೊಯ್ದು ಇಸಿಜಿ ಮಾಡಿಸಿ. ಚರ್ಮದ ಮೇಲೆ ಚುಕ್ಕೆಯಷ್ಟೇ ಗಾಯ ಕಂಡರೂ ಒಳಗಿನ ಸ್ನಾಯು ಸುಟ್ಟಿರಬಹುದು. ಮೂತ್ರ ಕಪ್ಪು ಕಾಫಿಯ ಬಣ್ಣಕ್ಕೆ ತಿರುಗಿದರೆ ತಡ ಮಾಡಲೇಬೇಡಿ.

ಕೊನೆಯದಾಗಿ

ಜುಮ್ ಅನ್ನುವ ಮಷಿನ್ ಬಗ್ಗೆ ಅಂಗಡಿಯಲ್ಲಿ ಮೊದಲು ಹೇಳುವವನು ಹೆಚ್ಚಾಗಿ ಕೆಲಸ ಕಲಿಯಲು ಬಂದ ಹುಡುಗ. ಹಳಬರಿಗೆ ಅದು ರೂಢಿಯಾಗಿಬಿಟ್ಟಿರುತ್ತದೆ. ಅವನ ಮಾತಿಗೆ 'ಚಪ್ಪಲಿ ಹಾಕ್ಕೋ' ಎನ್ನುವ ಬದಲು ಪ್ಲಗ್ ಕಿತ್ತಿಡಿ. ಒಂದು ವೈರ್, ಒಂದು ಮೂರು ಪಿನ್ ಪ್ಲಗ್, ಒಂದು ಆರ್‌ಸಿಸಿಬಿಗೆ ಆಗುವ ಖರ್ಚು ಒಂದು ಜೀವಕ್ಕಿಂತ ದೊಡ್ಡದಲ್ಲ. ಈ ಮಾಹಿತಿಯನ್ನು ನಿಮ್ಮ ಊರಿನ ಗ್ಯಾರೇಜು, ವೆಲ್ಡಿಂಗ್ ಅಂಗಡಿ, ಕಟ್ಟಡ ಕೆಲಸದವರ ಗ್ರೂಪ್‌ಗಳಿಗೆ ಕಳಿಸಿ. ಮಣ್ಣಿನಲ್ಲಿ ಹೂಳುವ ಫಾರ್ವರ್ಡ್ ಬಂದರೆ ಮಾತ್ರ ಅಲ್ಲಿಗೇ ನಿಲ್ಲಿಸಿ.