ನೀರೊಳಗಿನ ಎಮ್ಮೆ, ಕೇಳದ ಸ್ಪೀಕರ್

ನೀರಿನಲ್ಲಿರುವ ಎಮ್ಮೆಗೆ ಬೆಲೆ ಕಟ್ಟಬಾರದು ಎನ್ನುತ್ತಾರೆ ಹಿರಿಯರು. ಕೊಂಬು ಕಾಣುತ್ತದೆ, ಕೆಚ್ಚಲು ಕಾಣುವುದಿಲ್ಲ. ಸ್ಪೀಕರ್ ಕೊಳ್ಳುವವರಿಗೂ ಈ ಮಾತು ಸಲ್ಲುತ್ತದೆ. ಆದರೆ ಹೆಚ್ಚು ದಕ್ಷತೆಯ ಸ್ಪೀಕರುಗಳನ್ನು ಬಯಸುವವರಿಗೆ ಅನೇಕ ಸಲ ಬೇರೆ ದಾರಿಯೇ ಇರುವುದಿಲ್ಲ. ಅವನ್ನು ತಯಾರಿಸುವವರೇ ಕಡಿಮೆ. ಅಂಗಡಿಯಲ್ಲಿಟ್ಟು ನುಡಿಸಿ ತೋರಿಸುವವರು ಇನ್ನೂ ಕಡಿಮೆ. ದೊಡ್ಡ ಮೊತ್ತ ತೆತ್ತು ತರಿಸಿದ ಭಾರಿ ಪೆಟ್ಟಿಗೆಗಳು ಕಿವಿಗೆ ಹಿಡಿಸದಿದ್ದರೆ, ವಾಪಸು ಕಳಿಸುವ ಸಾಗಣೆ ಖರ್ಚೇ ಮತ್ತೊಂದು ಹೊರೆ. ಕೇಳದೆ ಕೊಳ್ಳಲೇಬೇಕಾದಾಗ ಕಾಗದದ ಮೇಲಿನ ಅಂಕಿಗಳನ್ನು ಓದಲು ಕಲಿಯುವುದೊಂದೇ ಉಪಾಯ.

ದಕ್ಷತೆ ಎಂದರೇನು? ಆಂಪ್ಲಿಫೈಯರ್ ಕೊಟ್ಟ ವಿದ್ಯುತ್ತಿನಲ್ಲಿ ಎಷ್ಟು ಪಾಲು ಶಬ್ದವಾಗಿ ಹೊರಬರುತ್ತದೆ ಎಂಬ ಲೆಕ್ಕ. ಇದರಲ್ಲಿ ಸ್ಪೀಕರಿನಷ್ಟು ದುಂದುಗಾರ ಉಪಕರಣ ಮನೆಯಲ್ಲಿ ಇನ್ನೊಂದು ಇರಲಾರದು. 1 ವ್ಯಾಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದಾಗ 92 ಡೆಸಿಬೆಲ್ ಶಬ್ದ ಬಂದರೆ ಅದರ ದಕ್ಷತೆ ಹೆಚ್ಚುಕಡಿಮೆ ನೂರಕ್ಕೆ ಒಂದು. ಉಳಿದದ್ದೆಲ್ಲ ಒಳಗಿನ ತಂತಿಸುರುಳಿಯಲ್ಲಿ ಶಾಖವಾಗಿ ಹೋಗುತ್ತದೆ. ಕಪಾಟಿನ ಮೇಲಿಡುವ ಸಾಮಾನ್ಯ ಸ್ಪೀಕರುಗಳು 85ರಿಂದ 88 ಡೆಸಿಬೆಲ್‌ನವು. 95 ದಾಟಿದರೆ ಹೆಚ್ಚು ದಕ್ಷತೆಯದು ಎನ್ನಬಹುದು.

ಮೊದಮೊದಲು ಆಂಪ್ಲಿಫೈಯರುಗಳ ಶಕ್ತಿಯೇ ಕೆಲವು ವ್ಯಾಟ್. ಅಷ್ಟರಲ್ಲಿ ಸಿನಿಮಾ ಮಂದಿರವನ್ನು ತುಂಬಿಸಬೇಕಾದರೆ ಕಹಳೆಯಂಥ ಹಾರ್ನ್ ಬೇಕಾಗುತ್ತಿತ್ತು. ಅಮೆರಿಕದ ಪಾಲ್ ಕ್ಲಿಪ್ಷ್ 1946ರಲ್ಲಿ ಮಾರಾಟಕ್ಕೆ ತಂದ ಕ್ಲಿಪ್ಷ್‌ಹಾರ್ನ್, ಕೋಣೆಯ ಮೂಲೆಯ ಗೋಡೆಗಳನ್ನೇ ಹಾರ್ನಿನ ಮುಂದುವರಿಕೆಯಾಗಿ ಬಳಸಿಕೊಂಡಿತು. 1954ರಲ್ಲಿ ಎಡ್ಗರ್ ವಿಲ್ಚರ್ ಗಾಳಿಯಾಡದ ಚಿಕ್ಕ ಪೆಟ್ಟಿಗೆಯಿಂದ ಆಳವಾದ ಮಂದ್ರ ಹೊರಡಿಸಿ ತೋರಿಸಿದರು. ಅದಕ್ಕೆ ತೆತ್ತ ಬೆಲೆ ದಕ್ಷತೆ. ಟ್ರಾನ್ಸಿಸ್ಟರ್ ಬಂದು ವ್ಯಾಟುಗಳು ಅಗ್ಗವಾದ ಮೇಲೆ ಆ ನಷ್ಟವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಹಾಗಿದ್ದರೆ ಈಗ ಇವು ಯಾರಿಗೆ ಬೇಕು? ಮುಖ್ಯವಾಗಿ ವಾಲ್ವ್ ಆಂಪ್ಲಿಫೈಯರ್ ಇಟ್ಟುಕೊಂಡವರಿಗೆ. 300ಬಿ ಎಂಬ ಪ್ರಸಿದ್ಧ ವಾಲ್ವ್ ಒಂಟಿಯಾಗಿ ದುಡಿದರೆ ಕೊಡುವುದು ಸುಮಾರು 8 ವ್ಯಾಟ್. 88 ಡೆಸಿಬೆಲ್‌ನ ಸ್ಪೀಕರಿಗೆ ಜೋಡಿಸಿದರೆ 1 ಮೀಟರ್ ದೂರದಲ್ಲಿ 97 ಡೆಸಿಬೆಲ್‌ಗೆ ಅದರ ಉಸಿರು ಮುಗಿಯಿತು. ಮೆಲುದನಿಯ ಆಲಾಪನೆಗೆ ಇದು ಧಾರಾಳ. ಆದರೆ ಮೃದಂಗದ ಗಟ್ಟಿ ಪೆಟ್ಟು ಬಿದ್ದಾಗ, ವಾದ್ಯವೃಂದ ಒಮ್ಮೆಲೇ ಎದ್ದಾಗ ಧ್ವನಿ ಒಡೆಯುತ್ತದೆ. 98 ಡೆಸಿಬೆಲ್‌ನ ಸ್ಪೀಕರಾದರೆ ಅದೇ 8 ವ್ಯಾಟಿನಲ್ಲಿ 107 ಮುಟ್ಟುತ್ತದೆ. 88ರ ಸ್ಪೀಕರಿನಿಂದ ಅಷ್ಟು ಪಡೆಯಲು 80 ವ್ಯಾಟ್ ಬೇಕು. 10 ಡೆಸಿಬೆಲ್ ಎಂದರೆ ಹತ್ತುಪಟ್ಟು ಶಕ್ತಿ ಎಂಬುದು ನೆನಪಿರಲಿ. ಮನೆಯಲ್ಲಿ ಈಗಾಗಲೇ 80 ವ್ಯಾಟಿನ ಆಂಪ್ಲಿಫೈಯರ್ ಇರುವವರು ಈ ಗೊಡವೆಗೆ ಹೋಗಬೇಕಾದ್ದೇ ಇಲ್ಲ.

ಹೋಗಲೇಬೇಕೆಂದರೆ ಮೊದಲು ನೋಡಬೇಕಾದ್ದು ಡೆಸಿಬೆಲ್ ಅಂಕಿಯ ಪಕ್ಕದಲ್ಲಿರುವ ಸಣ್ಣ ಅಕ್ಷರ. ಅನೇಕ ಕಂಪನಿಗಳು ‘2.83 ವೋಲ್ಟ್’ ಎಂದು ಬರೆಯುತ್ತವೆ. 8 ಓಮ್ ಸ್ಪೀಕರಿಗೆ ಅದು 1 ವ್ಯಾಟ್, 4 ಓಮ್ ಸ್ಪೀಕರಿಗೆ 2 ವ್ಯಾಟ್. ಅಂದರೆ 4 ಓಮ್‌ನದಕ್ಕೆ 3 ಡೆಸಿಬೆಲ್ ಪುಕ್ಕಟೆಯಾಗಿ ಸೇರಿರುತ್ತದೆ. ಕೆಲವರು ಕೋಣೆಯ ಗೋಡೆಗಳಿಂದ ಬರುವ ಬೆಂಬಲವನ್ನೂ ಕೂಡಿಸಿಕೊಳ್ಳುತ್ತಾರೆ. ಆದ್ದರಿಂದ ಕಂಪನಿಯ ಮಾತಿಗಿಂತ ಸ್ವತಂತ್ರವಾಗಿ ಅಳೆದ ಪತ್ರಿಕೆಗಳ ಅಂಕಿ ನಂಬಿಕೆಗೆ ಯೋಗ್ಯ.

ಎರಡನೆಯದು ಪೆಟ್ಟಿಗೆಯ ಗಾತ್ರ. ಅಮೆರಿಕದ ಕೆಎಲ್‌ಎಚ್ ಕಂಪನಿಯ ಸ್ಥಾಪಕರಲ್ಲೊಬ್ಬರಾದ ಜೋಸೆಫ್ ಆಂಟನ್ ಹಾಫ್‌ಮನ್ ಹೆಸರಿನಲ್ಲಿ ಒಂದು ‘ಕಬ್ಬಿಣದ ನಿಯಮ’ವಿದೆ. ಚಿಕ್ಕ ಪೆಟ್ಟಿಗೆ, ಆಳದ ಮಂದ್ರ, ಹೆಚ್ಚು ದಕ್ಷತೆ, ಈ ಮೂರರಲ್ಲಿ ಎರಡು ಮಾತ್ರ ಸಿಗುತ್ತವೆ. ಒಂದೇ ಬಗೆಯ ಪೆಟ್ಟಿಗೆಗಳಲ್ಲಿ ಮಂದ್ರವನ್ನು ಬಿಟ್ಟುಕೊಡದೆ 10 ಡೆಸಿಬೆಲ್ ಹೆಚ್ಚಿಸಬೇಕಾದರೆ ಗಾತ್ರ ಸುಮಾರು ಹತ್ತುಪಟ್ಟಾಗಬೇಕು. ಪುಟ್ಟ ಪೆಟ್ಟಿಗೆಯೊಂದು 97 ಡೆಸಿಬೆಲ್ಲೂ ಹೌದು, 30 ಹರ್ಟ್ಜ್‌ವರೆಗೂ ಹೌದು ಎಂದರೆ ಎಲ್ಲೋ ಸುಳ್ಳಿದೆ ಎಂದೇ ತಿಳಿಯಬೇಕು. ‘40ರಿಂದ 20,000 ಹರ್ಟ್ಜ್’ ಎಂದಷ್ಟೇ ಬರೆದು, ಅದರೊಳಗೆ ಏರಿಳಿತ ಎಷ್ಟು ಡೆಸಿಬೆಲ್ ಎಂದು ಹೇಳದ ಅಂಕಿಗೂ ಅರ್ಥವಿಲ್ಲ.

ಮೂರನೆಯದು ನಕ್ಷೆ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ಫ್ಲಾಯ್ಡ್ ಟೂಲ್ 1980ರ ದಶಕದಲ್ಲಿ, ಯಾವ ಸ್ಪೀಕರ್ ಎಂದು ತಿಳಿಸದೆ ಕೇಳುಗರಿಂದ ಅಂಕ ಕೊಡಿಸಿದರು. ನೇರ ಎದುರಿನಲ್ಲಿ ಸಮತಟ್ಟಾದ ಗೆರೆ, ಪಕ್ಕಕ್ಕೆ ಸರಿದಂತೆ ನಯವಾಗಿ ಇಳಿಯುವ ಗೆರೆ ಇದ್ದ ಸ್ಪೀಕರುಗಳನ್ನೇ ಹೆಚ್ಚಿನವರು ಮೆಚ್ಚಿದರು. ಹಾರ್ನ್ ಸ್ಪೀಕರುಗಳ ಪರೀಕ್ಷೆ ಇರುವುದೂ ಇಲ್ಲೇ. ಊಫರ್ ತನ್ನ ಕೆಲಸವನ್ನು ಹಾರ್ನಿಗೆ ಒಪ್ಪಿಸುವ ಜಾಗದಲ್ಲಿ ಎರಡೂ ಶಬ್ದವನ್ನು ಒಂದೇ ಅಗಲಕ್ಕೆ ಹರಡದಿದ್ದರೆ ಪಕ್ಕದ ಗೆರೆಯಲ್ಲಿ ಮೆಟ್ಟಿಲು ಬೀಳುತ್ತದೆ. ಸಿಮೆಂಟ್ ಗೋಡೆ, ಟೈಲ್ಸ್ ನೆಲದ ನಮ್ಮ ಮನೆಗಳಲ್ಲಿ ಪಕ್ಕಕ್ಕೆ ಹೋದ ಶಬ್ದವೂ ಬಡಿದು ವಾಪಸು ಕಿವಿಗೇ ಬರುತ್ತದೆ. ಹಾರ್ನ್ ಕಿರುಚುತ್ತದೆ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಈ ಮೆಟ್ಟಿಲೇ.

ನಾಲ್ಕನೆಯದು ಓಮ್‌ಗಳ ಗೆರೆ. ‘8 ಓಮ್’ ಎಂಬುದು ಹೆಸರಿಗೆ ಮಾತ್ರ. ಕೆಲವು ಸ್ವರಗಳಲ್ಲಿ ಅದು 3ಕ್ಕೆ ಇಳಿಯಬಹುದು, 30ಕ್ಕೆ ಏರಬಹುದು. ಇಂಥ ಏರಿಳಿತಕ್ಕೆ ತಕ್ಕಂತೆ ಅನೇಕ ವಾಲ್ವ್ ಆಂಪ್ಲಿಫೈಯರುಗಳ ಧ್ವನಿಯೂ ಬದಲಾಗುತ್ತದೆ. ಡೆಸಿಬೆಲ್ ಎಷ್ಟೇ ಇದ್ದರೂ ಈ ಗೆರೆ ಬೆಟ್ಟಗುಡ್ಡದಂತಿದ್ದರೆ ಜೋಡಿ ಹೊಂದುವುದು ಕಷ್ಟ.

ಇನ್ನೊಂದು ಸಂಗತಿಯನ್ನು ಜಾಹೀರಾತುಗಳು ಹೇಳುವುದಿಲ್ಲ. ಹತ್ತುಪಟ್ಟು ದಕ್ಷತೆ ಸಂಗೀತಕ್ಕೆ ಮಾತ್ರವಲ್ಲ, ಆಂಪ್ಲಿಫೈಯರಿನ ಗುಂಯ್ ಸದ್ದಿಗೂ ಅನ್ವಯಿಸುತ್ತದೆ. ಮಾಮೂಲಿ ಸ್ಪೀಕರಿನಲ್ಲಿ ಕೇಳಿಸದ ಗುಂಯ್‌ಕಾರ ಇದರಲ್ಲಿ ರಾತ್ರಿಯ ನಿಶ್ಶಬ್ದದಲ್ಲಿ ಸೊಳ್ಳೆಯಂತೆ ಕಾಡಬಹುದು.

ಹಣ ಕೊಡುವ ಮೊದಲು ಪೆಟ್ಟಿಗೆಯ ಅಳತೆಯನ್ನು ನೆಲದ ಮೇಲೆ ಸೀಮೆಸುಣ್ಣದಿಂದ ಬರೆದು ನೋಡುವುದು ಒಳ್ಳೆಯದು. ಮೂಲೆಯ ಹಾರ್ನಿಗೆ ಬಾಗಿಲು, ಬೀರು ಯಾವುದೂ ಇಲ್ಲದ ಎರಡು ಮೂಲೆಗಳು ಬೇಕು. ದೊಡ್ಡ ಹಾರ್ನುಗಳ ಮಂದ್ರವೂ ತಾರವೂ ಒಂದಾಗಿ ಕೇಳಲು ಕೆಲವು ಮೀಟರ್ ಅಂತರ ಬೇಕು. 10 ಅಡಿಯ ಕೋಣೆಯಲ್ಲಿ ಅವು ಬೇರೆಬೇರೆಯಾಗಿಯೇ ಕೇಳಿಸುತ್ತವೆ. ಅದೇ ಮಾದರಿಯನ್ನು ಬಳಸುತ್ತಿರುವವರ ಅಭಿಪ್ರಾಯ ಕೇಳುವಾಗ ಮೊದಲು ಅವರ ಕೋಣೆಯ ಉದ್ದಗಲ, ಆಂಪ್ಲಿಫೈಯರಿನ ವ್ಯಾಟ್ ಎರಡನ್ನೂ ತಿಳಿದುಕೊಳ್ಳಬೇಕು. ಕಡೆಯದಾಗಿ, ಎಷ್ಟು ದಿನದೊಳಗೆ ಹಿಂತಿರುಗಿಸಬಹುದು, ಸಾಗಣೆ ಖರ್ಚು ಯಾರದು ಎಂಬುದನ್ನು ಮಾರುವವರಿಂದ ಬರಹದಲ್ಲೇ ಪಡೆಯಬೇಕು. ಬಂದ ಪೆಟ್ಟಿಗೆಯ ರಟ್ಟು, ಥರ್ಮೋಕೋಲ್‌ಗಳನ್ನು ಅಷ್ಟು ದಿನವಾದರೂ ಅಟ್ಟದ ಮೇಲೆ ಜೋಪಾನವಾಗಿಡಬೇಕು.